ಅದೇ ಹುಡುಗರು, ಹಿಂದೆ ಮೂರೇ ಜನ: ನನ್ನ ಅನುಭವ

ಕಳೆದ ಸೀಸನ್ನಿನ ಕೊನೆಯ 7 ಪಂದ್ಯಗಳಲ್ಲಿ ನಾನು ಕೋಚ್ ಆಗಿರುವ ಫುಟ್‌ಬಾಲ್ ತಂಡಕ್ಕೆ ಬಿದ್ದದ್ದು 4 ಗೋಲು. ಅದರಲ್ಲೂ ಒಂದು ಪೆನಾಲ್ಟಿ. ಅದರ ಹಿಂದಿನ ವರ್ಷ 11 ಪಂದ್ಯಕ್ಕೆ 25ರ ಆಸುಪಾಸು ತಿಂದಿದ್ದೆವು. ತಂಡದಲ್ಲಿದ್ದದ್ದು ಅದೇ 18 ಹುಡುಗರು, ಹೊರಗಿನಿಂದ ಒಬ್ಬನನ್ನೂ ತರಲಿಲ್ಲ. ಡಿಫೆನ್ಸಿನ ಕ್ರಮ ಪೂರ್ತಿ ಬದಲಿಸಿ ಹಿಂದೆ ಮೂವರನ್ನೇ ನಿಲ್ಲಿಸುತ್ತೇನೆ ಎಂದಾಗ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದವರೆಗೆ ಆಟ ಗೊತ್ತಿದ್ದವರೆಲ್ಲ ಬೇಡ ಅಂದಿದ್ದರು. "ಹಿಂದೆ ಮೂರೇ ಜನ ಅಂದ್ರೆ ಬೇಲಿ ಇಲ್ಲದ ತೋಟ ಮಾರಾಯ್ರೇ" ಎಂದು ಚಾ ಅಂಗಡಿಯಲ್ಲಿ ಮುಖದ ಮೇಲೇ ಹೇಳಿದವರುಂಟು. ಅವರಲ್ಲೇ ಮೂವರು ಈಗ ಫೋನ್ ಮಾಡಿ, ಹೇಗೆ ಮಾಡಿದ್ದು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದೇ ಬಿಡುವುದು ಒಳ್ಳೆಯದು ಅನಿಸಿತು.

ನಮ್ಮ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತಿರುವಂಥದ್ದೇ. ಎದುರಾಳಿಯ ಗೋಲು ಹೊಡೆಯುವವನನ್ನು (ಸ್ಟ್ರೈಕರ್) ತಡೆಯಲು ಒಬ್ಬ ಸ್ಟಾಪರ್, ಅವನನ್ನು ದಾಟಿ ಬಂದದ್ದನ್ನು ಹಿಡಿಯಲು ಹಿಂದೆ ಸ್ವೀಪರ್, ಉಳಿದವರು ಆಳಿಗೆ ಆಳು, ಅಂದರೆ ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಒಬ್ಬೊಬ್ಬ. ಹುಡುಗರೆಲ್ಲ ಕೊಯ್ಲು ಮುಗಿದ ಗದ್ದೆಯಲ್ಲಿ ತಂಡಕ್ಕೆ ಏಳೇ ಜನರ ಸೆವೆನ್ಸ್ ಆಡಿ ಬೆಳೆದವರು. ಒಬ್ಬನಿಗೆ ಒಬ್ಬ ಎದುರು ನಿಂತರೆ ಇವರನ್ನು ದಾಟುವುದು ಕಷ್ಟ. ಆದರೆ ಹನ್ನೊಂದು ಜನರ ಇಲೆವೆನ್ಸ್‌ನಲ್ಲಿ ಎದುರಾಳಿ ಸ್ಟ್ರೈಕರ್ ಸುಮ್ಮನೆ ಗೆರೆಯ ಕಡೆಗೆ ನಡೆದು ಹೋದರೂ ಸಾಕು, ಹಸುವಿನ ಹಿಂದೆ ಕರುವಿನ ಹಾಗೆ ನಮ್ಮ ಸ್ಟಾಪರ್ ಅವನ ಬೆನ್ನಿಗೇ ಹೋಗುತ್ತಿದ್ದ. ಮಧ್ಯದಲ್ಲಿ ಬಾಗಿಲು ತೆರೆದ ಹಾಗೆ ಜಾಗ. ತ್ರಿಕ್ಕರಿಪುರ ಕಡೆಯ ತಂಡಗಳು ಇದನ್ನು ಒಂದೇ ಪಂದ್ಯದಲ್ಲಿ ಕಂಡುಹಿಡಿದವು. ಮೊಹಮ್ಮದ್ ರಫಿಯಂಥ ಸ್ಟ್ರೈಕರನನ್ನು ಕೊಟ್ಟ ಊರು ಅದು, 2009-10ರ, ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 14 ಗೋಲು ಹೊಡೆದವರು. ಅಲ್ಲಿಯ ಸಣ್ಣ ಹುಡುಗರಿಗೂ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ಮೂವರ ಡಿಫೆನ್ಸ್ ತಲೆಗೆ ಬಂದದ್ದು ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಿಂದ. 2016ರ ಸೆಪ್ಟೆಂಬರಿನಲ್ಲಿ ಆರ್ಸೆನಲ್ ಎದುರು 0-3 ಸೋತ ಮೇಲೆ ಅದರ ಕೋಚ್ ಆಂಟೋನಿಯೊ ಕಾಂಟೆ ಹಿಂದೆ ಮೂವರನ್ನು ನಿಲ್ಲಿಸಿದರು, ಮುಂದೆ 13 ಲೀಗ್ ಪಂದ್ಯ ಸತತವಾಗಿ ಗೆದ್ದರು. ನನಗೆ ಬೇಕಾದದ್ದು ಆ ಗೆಲುವಿನ ಲೆಕ್ಕ ಅಲ್ಲ. ಬದಿಯಿಂದ ದಾಳಿ ಮಾಡುವ ವಿಂಗರ್ ಆಗಿದ್ದ ವಿಕ್ಟರ್ ಮೋಸೆಸ್‌ನನ್ನು ಬದಿಯುದ್ದಕ್ಕೂ ಹಿಂದೆ ಮುಂದೆ ಓಡುವ ವಿಂಗ್ ಬ್ಯಾಕ್ ಮಾಡಿದ್ದು, ಹಿಂದೆ ಬದಿ ಕಾಯುವ ಫುಲ್ ಬ್ಯಾಕ್ ಆಗಿದ್ದ ಅಸ್ಪಿಲಿಕ್ವೆಟಾನನ್ನು ಮೂವರಲ್ಲಿ ಒಬ್ಬ ಸ್ಟಾಪರ್ ಮಾಡಿದ್ದು ನನಗೆ ಮುಖ್ಯ. ಇದ್ದವನ ಕಾಲಿಗೆ ತಕ್ಕ ಕೆಲಸ ಕೊಟ್ಟರು. ನನ್ನ ಹತ್ತಿರವೂ ಓಡಿ ದಣಿಯದ ವಿಂಗರ್ ಒಬ್ಬ ಇದ್ದ, ಎತ್ತರ ಕಮ್ಮಿಯಾದರೂ ಚುರುಕಾದ ಫುಲ್ ಬ್ಯಾಕ್‌ಗಳು ಇಬ್ಬರಿದ್ದರು. ಮಧ್ಯಕ್ಕೆ ನಮ್ಮ ಹಳೆಯ ಸ್ವೀಪರ್. ಆಟೋ ಓಡಿಸುವವನು, ವಯಸ್ಸು 36 ದಾಟಿದೆ, ಓಟ ಇಲ್ಲ. ಅವನನ್ನು ಹೊರಗೆ ಕೂರಿಸಬೇಕು ಎಂದು ಕ್ಲಬ್ ಕಮಿಟಿಯ ಹಠ, ಆಡಿಸಿಯೇ ಸಿದ್ಧ ಎಂದು ನನ್ನ ಹಠ. ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಎರಡು ಸೆಕೆಂಡು ಮೊದಲೇ ಗೊತ್ತಾಗುತ್ತದೆ, ಬಾಯಿಯೂ ಜೋರು. ಎರಡೂ ಕಡೆ ಓಡುವವರಿದ್ದರೆ ಮಧ್ಯದಲ್ಲಿ ನಿಂತು ಓದುವವನು ಸಾಕು ಎಂದು ನನ್ನ ಲೆಕ್ಕ. ಈ ಲೆಕ್ಕ ತಪ್ಪಲಿಲ್ಲ. ತಪ್ಪಿದ್ದು ಉಳಿದದ್ದೆಲ್ಲ.

ಮೊದಲ ತಪ್ಪು ಹಗ್ಗ. ಡಿಫೆಂಡರುಗಳನ್ನು ಹಗ್ಗದಲ್ಲಿ ಕಟ್ಟಿ ಒಟ್ಟಿಗೆ ಸರಿಯಲು ಕಲಿಸುವ ಕ್ರಮ ಉಂಟಲ್ಲ, ಅದಕ್ಕೆ 300 ರೂಪಾಯಿಯ ನಾರಿನ ಹಗ್ಗ ತಂದು ಮೂವರ ಸೊಂಟಕ್ಕೆ ಬಿಗಿದೆ. ಒಬ್ಬ ಎಡವಿದರೆ ಮೂವರೂ ನೆಲಕ್ಕೆ. ನಮ್ಮದು ಕೆಂಪು ಮುರಕಲ್ಲಿನ ಹರಳು ತುಂಬಿದ ಮೈದಾನ, ಬಿದ್ದರೆ ಮೊಣಕಾಲು ಸುಲಿಯುತ್ತದೆ. ಮೂರನೇ ದಿನ ಹಗ್ಗ ಬಿಚ್ಚಿ ಇಟ್ಟೆ.

ಆಮೇಲೆ ಹೊಳೆದದ್ದು ಕಬಡ್ಡಿ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ. ಕಬಡ್ಡಿಯಲ್ಲಿ ರೈಡರ್ ಬಂದರೆ ಯಾರೂ "ಇವನು ನನ್ನವನು" ಎಂದು ಅವನ ಹಿಂದೆ ಅಲೆಯುವುದಿಲ್ಲ. ಕೈ ಕೈ ಹಿಡಿದ ಚೈನ್ ಇಡೀ ಸರಿಯುತ್ತದೆ, ಕಾರ್ನರ್‌ನವನು ಒಳಗೆ ಬಂದರೆ ಕವರ್‌ನವನು ಅವನ ಬೆನ್ನಿಗೆ. ಆಳನ್ನು ಬಿಟ್ಟು ಜಾಗ ಕಾಯುವ ಜೋನ್ ಎಂದರೆ ಅದೇ ಅಲ್ಲವೇ? ಎರಡು ವಾರ ಚೆಂಡು ಮುಟ್ಟಿಸದೆ ಕಬಡ್ಡಿ ಆಡಿಸಿದೆ. ನಂತರ ಕೈ ಬಿಡಿಸಿ ಅದೇ ಚೈನನ್ನು ದೊಡ್ಡದು ಮಾಡಿದೆ. ಎಷ್ಟು ದೊಡ್ಡದು ಎಂದು ಮೀಟರಿನಲ್ಲಿ ಹೇಳಿದರೆ ಯಾರ ಕಣ್ಣಿಗೂ ಅಳತೆ ಸಿಗುತ್ತಿರಲಿಲ್ಲ. ಕಡೆಗೆ "ಮೂರು ಅಡಿಕೆ ಅಂತರ" ಅಂದೆ. ಮುಗಿಯಿತು. ಒಂಬತ್ತು ಅಡಿಗೊಂದು ಗುಣಿ, ಮೂರು ಅಂತರ ಅಂದರೆ 27 ಅಡಿ. ತೋಟದಲ್ಲಿ ಹುಟ್ಟಿ ಬೆಳೆದವರು ನಿದ್ದೆಯಲ್ಲೂ ಆ ಅಳತೆ ಹೇಳುತ್ತಾರೆ. ಚೆಂಡು ಮಧ್ಯದಲ್ಲಿದ್ದರೆ ಸ್ಟಾಪರುಗಳ ನಡುವೆ ಮೂರು ಅಡಿಕೆ, ಬದಿಗೆ ಹೋದರೆ ಎರಡು, ನಮ್ಮ ಬಾಕ್ಸಿನೊಳಗೆ ಒಂದೂವರೆ. ಅಂದಿನಿಂದ ಅಂತರದ ವಿಷಯದಲ್ಲಿ ನಾನು ಗಂಟಲು ಹರಿದುಕೊಳ್ಳಲಿಲ್ಲ. ಕಬಡ್ಡಿಯಲ್ಲಿ ಒಬ್ಬನ ಪಾದ ಉಳುಕಿ ಎಕ್ಸ್‌ರೇ, ಕಟ್ಟು ಎಲ್ಲ ಸೇರಿ 2,200 ಖರ್ಚಾಯಿತು. ಅದು ಹೋಗಲಿ.

ಗಂಟಲು ಹರಿದದ್ದು ಭಾಷೆಯ ವಿಷಯದಲ್ಲಿ. ನಮ್ಮ ಹನ್ನೊಂದು ಜನರಲ್ಲಿ ಮನೆಮಾತು ಐದು: ತುಳು, ಮಲಯಾಳ, ಬ್ಯಾರಿ, ಕನ್ನಡ, ಕೊಂಕಣಿ. ಮೊದಲ ಪಂದ್ಯದಲ್ಲಿ ಎದುರಾಳಿ ಚೆಂಡನ್ನು ಬಲಕ್ಕೆ ತಿರುಗಿಸಿದಾಗ ನಾನು ಹೊರಗಿನಿಂದ "ಬಲ! ಬಲ!" ಎಂದು ಕೂಗಿದೆ. ಎಡ ಸ್ಟಾಪರ್ ತುಳುವಿನವನು. ತುಳುವಿನಲ್ಲಿ "ಬಲ" ಅಂದರೆ ಬಾ. ಕೋಚ್ ಕರೆಯುತ್ತಿದ್ದಾರೆ ಎಂದು ಅವನು ತನ್ನ ಜಾಗ ಬಿಟ್ಟು ನನ್ನ ಕಡೆಗೇ ನಾಲ್ಕು ಹೆಜ್ಜೆ ಬಂದ. ಆ ನಾಲ್ಕು ಹೆಜ್ಜೆಯ ಜಾಗದಲ್ಲೇ ಗೋಲು ಬಿತ್ತು. ಅವನ ಮುಖ ಇವತ್ತಿಗೂ ಕಣ್ಣ ಮುಂದಿದೆ, ಬೈಯಲು ಬಾಯಿ ಬರಲಿಲ್ಲ.

ಆ ರಾತ್ರಿಯೇ ಶಬ್ದ ಆರಿಸಿದೆವು. ಮುಂದೆ ಏರುವುದಕ್ಕೆ ಮಲಯಾಳದ "ಕೇರ್". ಹಿಂದೆ ಇಳಿಯುವುದಕ್ಕೆ ತುಳುವಿನ "ಪಿರ". ಎಡ ಬಲ ಎಂಬ ಮಾತೇ ಬೇಡ, ಪಡುವಣ ಬದಿ "ಕಡಲು", ಮೂಡಣ ಬದಿ "ಗುಡ್ಡೆ". ಇದರ ಚೆಂದ ನೋಡಿ, ಹಾಫ್ ಟೈಮ್ ಆಗಿ ಗೋಲ್ ಬದಲಾದರೂ ಕಡಲು ಕಡಲೇ, ಗುಡ್ಡೆ ಗುಡ್ಡೆಯೇ. ಎದುರು ನಿಂತು ಕೂಗುವವನಿಗೂ ಬೆನ್ನು ಹಾಕಿ ಓಡುವವನಿಗೂ ಅರ್ಥ ಒಂದೇ. ಎರಡು ಪಂದ್ಯ ಈ ಕೂಗು ಚೆನ್ನಾಗಿ ನಡೆಯಿತು. ನಾಲ್ಕನೇ ಪಂದ್ಯ ನಮ್ಮ ಜಿಲ್ಲೆಯದೇ ಹೊಸದುರ್ಗದ ಆಚೆ ಒಂದು ಮೈದಾನದಲ್ಲಿ. ಅಲ್ಲಿ ಗೋಲ್ ಪೋಸ್ಟ್‌ಗಳೇ ಪೂರ್ವ ಪಶ್ಚಿಮ! ವಾರ್ಮಪ್ ಮಾಡುವಾಗಲೂ ನನಗೆ ಹೊಳೆಯಲಿಲ್ಲ. ಐದನೇ ನಿಮಿಷಕ್ಕೆ ಕೀಪರ್ "ಕಡಲು" ಎಂದು ಕೂಗಿದಾಗ ಮೂವರೂ ಮೂರು ಕಡೆ ತಿರುಗಿದರು. ಈಗ ಹೊರಗೆ ಆಡಲು ಹೋದರೆ ಮೊದಲು ಮೈದಾನದ ದಿಕ್ಕು ನೋಡಿ, ಒಂದು ಬದಿಗೆ ಆ ದಿನದ ಮಟ್ಟಿಗೆ ಹೆಸರು ಇಡುತ್ತೇವೆ. ಮಸೀದಿಯೋ ಶಾಲೆಯೋ ತೋಡೋ, ಕಣ್ಣಿಗೆ ದೊಡ್ಡದಾಗಿ ಕಾಣುವ ಯಾವುದಾದರೂ.

ಎರಡನೇ ಪಂದ್ಯದ ಗೋಲು ನನ್ನದೇ ತಪ್ಪು. ಸೆವೆನ್ಸ್‌ನಲ್ಲಿ ಆಫ್‌ಸೈಡ್ (ಡಿಫೆನ್ಸಿನ ಗೆರೆ ದಾಟಿ ನಿಂತವನಿಗೆ ಚೆಂಡು ಕೊಟ್ಟರೆ ತಪ್ಪು ಎಂಬ ನಿಯಮ) ಇಲ್ಲದ ಕಾರಣ ಹುಡುಗರಿಗೆ ಅದರ ವಾಸನೆ ಇರಲಿಲ್ಲ. ನಾನು ಒಂದು ತಿಂಗಳು ಬಿಡದೆ ಒಟ್ಟಿಗೆ ಮುಂದೆ ಏರುವುದನ್ನು ಕಲಿಸಿದ್ದೆ. ಅವರು ಎಷ್ಟು ಚೆನ್ನಾಗಿ ಕಲಿತರೆಂದರೆ ಎದುರಾಳಿಯ ಥ್ರೋ-ಇನ್‌ಗೂ ಮೂವರೂ ಒಂದೇ ಗೆರೆಯಲ್ಲಿ ಮುಂದೆ ಏರಿ ಕೈ ಎತ್ತಿ ನಿಂತರು. ಥ್ರೋ-ಇನ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂದು ನಾನು ಹೇಳಿಯೇ ಇರಲಿಲ್ಲ. ನಮಗೆಲ್ಲ ಗೊತ್ತಿರುವುದು ಅವರಿಗೂ ಗೊತ್ತಿರುತ್ತದೆ ಎಂದುಕೊಂಡದ್ದು ತಪ್ಪು. ಸ್ಟ್ರೈಕರ್ ಒಬ್ಬನೇ, ಕೀಪರ್ ಒಬ್ಬನೇ.

ನಾಲ್ಕು ಪಂದ್ಯಕ್ಕೆ 11 ಗೋಲು. ಮೂರು ಸೋಲು, ಒಂದು ಡ್ರಾ. ಕಮಿಟಿ ಕರೆಯಿತು. ಹಳೆಯ ಪದ್ಧತಿಗೆ ಮರಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ನೇರವಾಗಿಯೇ ಹೇಳಿದರು. ನಾನು ಗೋಲುಗಳ ವಿಡಿಯೋ ತೋರಿಸಿದೆ. ಹನ್ನೊಂದರಲ್ಲಿ ಏಳು ಗೋಲು ಕೂಗು ತಪ್ಪಿ, ನಿಯಮ ತಪ್ಪಿ ಬಿದ್ದದ್ದು. ನಿಂತ ಜಾಗ ತಪ್ಪಿ ಬಿದ್ದದ್ದು ಎರಡೋ ಮೂರೋ. ಇನ್ನೆರಡು ಪಂದ್ಯ ಕೊಡಿ ಅಂದೆ, ಕೊಟ್ಟರು.

ವಿಡಿಯೋದ ಕತೆ ಹೇಳಲೇಬೇಕು. ನೆಲದಲ್ಲಿ ನಿಂತು ತೆಗೆದರೆ ಜೋನ್ ಕಾಣುವುದೇ ಇಲ್ಲ, ಮೇಲಿನಿಂದ ಬೇಕು. ಡ್ರೋನಿಗೆ ದುಡ್ಡೆಲ್ಲಿಂದ? ನಮ್ಮ ಬಲ ವಿಂಗ್ ಬ್ಯಾಕ್ ದೋಟಿ ಎಂಬ ಉದ್ದ ಕೋಲಿನಲ್ಲಿ ಅಡಿಕೆ ಕೊಯ್ಯುವ ಕೆಲಸದವನು, ಕಾರ್ಬನ್ ಫೈಬರ್ ದೋಟಿ ಅವನದ್ದೇ ಉಂಟು. ಅದರ ತುದಿಗೆ ಫೋನ್ ಕಟ್ಟಿ ಎತ್ತಿದೆವು. ಐವತ್ತು ಅಡಿಯಲ್ಲಿ ಕಡಲ ಗಾಳಿಗೆ ದೋಟಿ ಬಳುಕಿ, ನೋಡಿದವರಿಗೆ ತಲೆ ತಿರುಗುವಂಥ ಚಿತ್ರ. ಎರಡನೇ ದಿನ ಫೋನ್ ಬಿತ್ತು, ಸ್ಕ್ರೀನಿಗೆ 3,200. ಕೊನೆಗೆ ಸರಿಯಾದದ್ದು ಮೂವತ್ತು ಅಡಿ, ದೋಟಿಯನ್ನು ಗೋಲಿನ ಹಿಂದಿನ ತೆಂಗಿನ ಮರಕ್ಕೆ ಎರಡು ಕಡೆ ಬಿಗಿದು, ಫೋನಿಗೆ ಸೈಕಲ್ ಟ್ಯೂಬಿನ ಪಟ್ಟಿ. ಬದಿಯಿಂದಲ್ಲ, ಗೋಲಿನ ಹಿಂದಿನಿಂದಲೇ ತೆಗೆಯಬೇಕು. ಚೈನ್ ಎಲ್ಲಿ ಕಡಿಯುತ್ತದೆ ಎಂಬುದು ಆಗ ಬೆಳ್ಳಗೆ ಕಾಣುತ್ತದೆ.

ಇನ್ನೊಂದು ಪ್ರಯೋಗ ಇಟಲಿಯ ಎಸಿ ಮಿಲಾನ್ ಕ್ಲಬ್ಬಿನಿಂದ ತಂದದ್ದು. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ಆ ತಂಡದ ಕೋಚ್ ಅರಿಗೊ ಸಾಕಿ, ತನ್ನ ದಾಳಿಯ ತಾರೆಗಳಾದ ಗುಲ್ಲಿಟ್ ಮತ್ತು ವಾನ್ ಬಾಸ್ಟೆನ್‌ಗೆ ಜೋನಿನ ಬಲ ತೋರಿಸಲು ಕೀಪರ್ ಸೇರಿ ಐವರನ್ನು ಹತ್ತು ಜನರ ಎದುರು ನಿಲ್ಲಿಸಿದ್ದರು. ಆ ಐವರಲ್ಲಿ ಡಿಫೆಂಡರುಗಳಾದ ಬರೇಸಿ, ಮಾಲ್ದಿನಿ, ಕೋಸ್ತಾಕುರ್ತಾ ಇದ್ದರು. 15 ನಿಮಿಷ ಕೊಟ್ಟರೂ ಹತ್ತು ಜನಕ್ಕೆ ಗೋಲು ಹೊಡೆಯಲಾಗಲಿಲ್ಲ. ನಾನೂ ಅದೇ ಲೆಕ್ಕದಲ್ಲಿ ಐವರನ್ನು ನಿಲ್ಲಿಸಿದೆ: ಕೀಪರ್, ಮೂವರು ಸ್ಟಾಪರ್, ಅವರ ಮುಂದೆ ಮಧ್ಯದಲ್ಲಿ ಆಡುವ ಒಬ್ಬ ಹಾಫ್. ಮೊದಲ ಸಲ 15 ನಿಮಿಷಕ್ಕೆ 6 ಗೋಲು ಬಿತ್ತು. ತಿಂಗಳ ಮೇಲೆ 3. ನಾಲ್ಕನೇ ಪಂದ್ಯ ಸೋತ ಮರುವಾರ ಪುನಃ ಆಡಿಸಿದಾಗ ಒಂದೇ ಒಂದು, ಅದೂ ಕೀಪರಿನ ಕೈ ಜಾರಿ. ದಾಳಿ ಮಾಡುವ ಹತ್ತು ಜನ ಸಿಟ್ಟಿನಲ್ಲಿ ಒಬ್ಬರ ಮೇಲೊಬ್ಬರು ರೇಗಾಡಲು ಶುರುಮಾಡಿದರು. ನಮ್ಮ ಆಟೋದ ಅಣ್ಣ ಓಡಿದ್ದು ಒಟ್ಟು ನೂರು ಹೆಜ್ಜೆಯೂ ಇರಲಿಕ್ಕಿಲ್ಲ, ಕೈ ತೋರಿಸುತ್ತ "ಕೇರ್, ಕೇರ್, ಪಿರ" ಎನ್ನುತ್ತ ನಿಂತಿದ್ದ. ಆವತ್ತು ಸಂಜೆ ನನಗೆ ಗೊತ್ತಾಯಿತು, ಇದು ಕೂಡಿ ಬಂತು.

ಐದನೇ ಪಂದ್ಯ 1-0 ಗೆದ್ದೆವು. ಆರನೆಯದು 0-0, ಆದರೂ ಅವರಿಗೆ ಪೋಸ್ಟಿಗೆ ತಾಗುವ ಹೊಡೆತ ಒಂದೂ ಸಿಗಲಿಲ್ಲ. ಅಲ್ಲಿಂದ ಕೊನೆಯವರೆಗೆ ಸೋಲು ಇಲ್ಲ. ಏಳರಲ್ಲಿ ಐದು ಗೆಲುವು, ಎರಡು ಡ್ರಾ. ಮೊಗ್ರಾಲಿನವರು ಆಟ ನೋಡುವ ಕಣ್ಣುಳ್ಳವರು. ಅಲ್ಲಿಯ ಹಿರಿಯರೊಬ್ಬರು ಪಂದ್ಯ ಮುಗಿದ ಮೇಲೆ ಬಂದು ನನ್ನ ಕೈ ಹಿಡಿದು, "ನಿಮ್ಮ ಮೂವರು ಐವರ ಹಾಗೆ ಕಾಣ್ತಾರೆ" ಅಂದರು. ಅದಕ್ಕಿಂತ ದೊಡ್ಡ ಟ್ರೋಫಿ ನನಗೆ ಬೇಡ.

ದುಡ್ಡಿನ ಲೆಕ್ಕ ಬಾಯಿಯಲ್ಲೇ ಹೇಳುತ್ತೇನೆ. ಹಗ್ಗ, ಎಕ್ಸ್‌ರೇ, ಸ್ಕ್ರೀನ್ ಹೇಳಿ ಆಯಿತು. ತರಬೇತಿಯಲ್ಲಿ ತಂಡ ಗುರುತಿಸಲು ಹಾಕುವ ಬಿಬ್ 14ಕ್ಕೆ 1,700. ಸಂಜೆ ಚಾ, ಬಾಳೆಹಣ್ಣು, ಅವಲಕ್ಕಿಗೆ ಸೀಸನ್ ಪೂರ್ತಿ 5,500 ಆಗಿರಬಹುದು. ದೊಡ್ಡದು ಸೆವೆನ್ಸ್‌ನದು. ಡಿಫೆನ್ಸಿನ ನಾಲ್ವರು ರಾತ್ರಿ ಸೆವೆನ್ಸ್‌ಗೆ ಗೆಸ್ಟ್ ಆಗಿ ಹೋದರೆ ತಲೆಗೆ 1,500 ಸಿಗುತ್ತದೆ. ನಡುವೆ ಮೂರು ರಾತ್ರಿ ಹೋಗಬೇಡಿ ಅಂದೆ. ಕೂಲಿ ಮಾಡಿ ಮನೆ ನಡೆಸುವ ಹುಡುಗರು, ಅವರ ಸಂಪಾದನೆ ನಿಲ್ಲಿಸುವ ಹಕ್ಕು ನನಗಿಲ್ಲ. ಆ 18,000 ನಾನೇ ತುಂಬಿ ಕೊಟ್ಟೆ. ಎಲ್ಲ ಸೇರಿ 31,000ದ ಹತ್ತಿರ. ಕ್ಲಬ್ಬು ಕೊಟ್ಟದ್ದು 12,000. ಉಳಿದದ್ದಕ್ಕೆ ಮನೆಯಲ್ಲಿ ಇಟ್ಟಿದ್ದ ಚಾಲಿ ಅಡಿಕೆ 45 ಕಿಲೋ ಕೊಟ್ಟೆ, ಆಗ ಕಿಲೋಗೆ 420 ಸಿಕ್ಕಿತ್ತು. ಮನೆಯವಳು ಎರಡು ದಿನ ಮಾತು ಬಿಟ್ಟಳು. ಕೊನೆಯ ಪಂದ್ಯಕ್ಕೆ ಅವಳೂ ಬಂದಿದ್ದಳು.

ಕಾರ್ನರ್ ಕಿಕ್ಕಿಗೆ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಏಳು ಪಂದ್ಯದಲ್ಲಿ ಕಾರ್ನರಿನಿಂದ ಒಂದೂ ಗೋಲು ಬಿದ್ದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ನಾಲ್ಕು ತಂಡದ ಕೋಚ್‌ಗಳು ಇದ್ದಾರೆ. "ಕೇರ್" ಎಂದು ಕೂಗುವ ಮೊದಲು ಆಟೋದ ಅಣ್ಣ ಮಾಡುವ ಒಂದು ಸನ್ನೆಯೂ ಉಂಟು, ಅದೂ ನಮ್ಮೊಳಗೇ ಇರಲಿ. ಒಂದು ಸುಳಿವು ಮಾತ್ರ ಕೊಡಬಲ್ಲೆ: ಚೆಂಡು ಹಿಂದಕ್ಕೆ ಪಾಸ್ ಆದ ಕ್ಷಣದಲ್ಲಿ ನಿಮ್ಮ ಸ್ಟಾಪರುಗಳ ಕಣ್ಣು ಎಲ್ಲಿರುತ್ತದೆ ಎಂದು ವಿಡಿಯೋದಲ್ಲಿ ನೋಡಿ.

ಎಡ ವಿಂಗ್ ಬ್ಯಾಕ್ ಮಾತ್ರ ಇನ್ನೂ ಸರಿಯಾಗಿಲ್ಲ. ಎಡಗಾಲಿನವನು ಸಿಗಲೇ ಇಲ್ಲ, ಬಲಗಾಲಿನವನನ್ನು ಆಡಿಸಿದೆ. ಅವನು ಪ್ರತಿ ಸಲ ಚೆಂಡನ್ನು ಒಳಗೆ ತಿರುಗಿಸಿಯೇ ಕ್ರಾಸ್ ಮಾಡಬೇಕು, ಅಷ್ಟರಲ್ಲಿ ಎದುರಾಳಿ ಹಿಂದೆ ತುಂಬಿಕೊಳ್ಳುತ್ತಾರೆ. ನಮ್ಮ ಎರಡನೇ ಕೀಪರಿನ ಎಡಗಾಲು ಬಹಳ ಚೆನ್ನ ಎಂದು ಅವನನ್ನೂ ಒಂದು ಪಂದ್ಯ ಅಲ್ಲಿ ನಿಲ್ಲಿಸಿ ನೋಡಿದೆ. ಒದೆತ ಒಳ್ಳೆಯದು, ಆದರೆ ಅರ್ಧ ಗಂಟೆಗೆ ಉಸಿರು ಸೋತಿತು. ಪೆರ್ಲದ ಕಡೆಯ ಒಬ್ಬ ಹುಡುಗನನ್ನು ನೋಡಿಟ್ಟಿದ್ದೇನೆ, ಹದಿನೇಳು ವರ್ಷ, ಅಪ್ಪಟ ಎಡಗಾಲು, ಕಬಡ್ಡಿಯಲ್ಲಿ ಎಡ ಕಾರ್ನರ್. ಪರೀಕ್ಷೆ ಮುಗಿಯಲಿ ಎಂದು ಅವನ ಅಪ್ಪ ಹೇಳಿದ್ದಾರೆ. ಮಳೆ ಬಿಟ್ಟು ನೆಲ ಗಟ್ಟಿಯಾದ ಕೂಡಲೇ ಅವನನ್ನು ಚೈನಿನ ತುದಿಗೆ ಕಟ್ಟಿ ನೋಡಬೇಕು.