ಗೂಡು ಮುಟ್ಟುವ ಮೊದಲು ಗಂಟೆ ನೋಡಿ: ಕಡಲಾಮೆ ಕಾಯುವ ಕೆಲಸದಲ್ಲಿ ನನ್ನ ಅನುಭವ

ಮೊದಲ ವರ್ಷ ನಾವು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಅದೇ ತಪ್ಪು ಮಾಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬೆಳಗ್ಗೆ ಆರೂವರೆಗೆ ಮರಳಿನ ಮೇಲೆ ಆಮೆಯ ಜಾಡು ಕಂಡಿತು. ರಾತ್ರಿ ಗಸ್ತಿನಲ್ಲಿ ನಮ್ಮ ಕಣ್ಣು ತಪ್ಪಿದ್ದ ಗೂಡು. ಸುತ್ತ ನಾಯಿ ಹೆಜ್ಜೆ ಬೇರೆ. ಗಾಬರಿಯಲ್ಲಿ ಅಗೆದು 112 ಮೊಟ್ಟೆ ತೆಗೆದು, ಬಕೆಟ್ಟಿಗೆ ತುಂಬಿಕೊಂಡು ಹ್ಯಾಚರಿಗೆ, ಅಂದರೆ ಮೊಟ್ಟೆಗಳನ್ನು ಮತ್ತೆ ಹೂತು ಕಾಯಲು ನಾವು ಬೇಲಿ ಹಾಕಿಕೊಂಡಿದ್ದ ಜಾಗಕ್ಕೆ ಓಡಿದೆವು. ಎಲ್ಲರಿಗೂ ಖುಷಿ. 50 ದಿನ ಆಯಿತು, 60 ಆಯಿತು, ಮರಳು ಅಲುಗಲೇ ಇಲ್ಲ. 70ನೇ ದಿನ ಅಗೆದು ನೋಡಿದರೆ ಒಂದೇ ಒಂದು ಮರಿ ಆಗಿರಲಿಲ್ಲ. ನಾಯಿ ಬಾಯಿಂದ ಉಳಿಸಿದೆವು ಅಂದುಕೊಂಡಿದ್ದ ಅಷ್ಟೂ ಮೊಟ್ಟೆ ನಮ್ಮ ಕೈಯಿಂದಲೇ ಹೋಗಿದ್ದವು.

ಆಮೇಲೆ ಈ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಕೂರಿಸಿಕೊಂಡು ವಿವರಿಸಿದರು. ತಾಯಿಯ ಹೊಟ್ಟೆಯೊಳಗೆ ಆಮ್ಲಜನಕ ಸಾಲದು, ಅದಕ್ಕೇ ಅಲ್ಲಿ ಭ್ರೂಣದ ಬೆಳವಣಿಗೆ ನಿಂತಿರುತ್ತದೆ. ಮೊಟ್ಟೆ ಹೊರಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಅದು ಮತ್ತೆ ಶುರುವಾಗಿ, ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಒಳಗಿನಿಂದ ಅಂಟಿಕೊಳ್ಳುತ್ತದೆ. ಅದಾದ ಮೇಲೆ ಮೊಟ್ಟೆ ಉರುಳಿದರೆ ಒಳಗಿನ ಪೊರೆ ಹರಿದು ಜೀವ ಹೋಗುತ್ತದೆ. ಕೋಳಿ ತನ್ನ ಮೊಟ್ಟೆಯನ್ನು ತಾನೇ ಉರುಳಿಸುತ್ತಿರುತ್ತದೆ ಅಲ್ವಾ, ಕಡಲಾಮೆ ಮೊಟ್ಟೆ ಹಾಗಲ್ಲ.

ಅವತ್ತಿನ ಗೂಡು ಎಷ್ಟು ಹಳೆಯದು ಅನ್ನುವುದನ್ನು ಜಾಡೇ ಹೇಳುತ್ತಿತ್ತು, ನಮಗೆ ಓದಲು ಬರಲಿಲ್ಲ. ಜಾಡಿನ ಕೆಳಗಿನ ಅರ್ಧವನ್ನು ನೀರು ಅಳಿಸಿತ್ತು. ಉಬ್ಬರ ಅಷ್ಟು ಮೇಲೆ ಬಂದದ್ದು ರಾತ್ರಿ ಹತ್ತೂವರೆಗೆ. ಅಂದಮೇಲೆ ಆಮೆ ಅದಕ್ಕೂ ಮೊದಲೇ ಬಂದು ಹೋಗಿತ್ತು, ನಾವು ಅಗೆಯುವ ಹೊತ್ತಿಗೆ 8 ಗಂಟೆ ಕಳೆದಿತ್ತು. ಈಗ ಜಾಡು ಕಂಡ ಕೂಡಲೇ ಮೊದಲು ಹಾಕುವುದು ಈ ಲೆಕ್ಕ. ಮೊಟ್ಟೆ ಇಟ್ಟು 2 ಗಂಟೆಯೊಳಗಾದರೆ ಒಳ್ಳೆಯದು, 6 ಗಂಟೆ ದಾಟಿದ್ದರೆ ಮುಟ್ಟುವುದಿಲ್ಲ. ಸಮಯ ಗೊತ್ತಾಗದಿದ್ದರೂ ಮುಟ್ಟುವುದಿಲ್ಲ. (ಪರವಾನಗಿ ಇರುವ ತಂಡದ ಜೊತೆ ಇಲ್ಲದಿದ್ದರೆ ಯಾವ ಹೊತ್ತಿನಲ್ಲೂ ಮುಟ್ಟಬೇಡಿ. ಹೆಚ್ಚಿನ ದೇಶಗಳಲ್ಲಿ ಅದು ಅಪರಾಧ, ಹಾಗೆ ಇರುವುದೇ ಸರಿ.)

ಹಾಗಾಗಿ ನಮ್ಮ ಕೆಲಸದ ಮುಕ್ಕಾಲು ಪಾಲು ರಾತ್ರಿ ನಡೆಯುವುದು. ಇಬ್ಬಿಬ್ಬರು ಜೊತೆಯಾಗಿ ಒದ್ದೆ ಮರಳಿನ ಮೇಲೆ ನಡೆಯುತ್ತೇವೆ, ಅಲ್ಲಾದರೆ ಹೊಸ ಜಾಡು ಕಾಲಿಗೆ ಅಡ್ಡ ಸಿಕ್ಕೇ ಸಿಗುತ್ತದೆ. ಟಾರ್ಚ್ ಹಾಕುವುದಿಲ್ಲ. ಮೊದಲ 20 ನಿಮಿಷ ಏನೂ ಕಾಣುವುದಿಲ್ಲ, ಆಮೇಲೆ ಕಣ್ಣು ಹೊಂದಿಕೊಂಡು ನಕ್ಷತ್ರದ ಬೆಳಕೇ ಸಾಕಾಗುತ್ತದೆ. ಬೇಕೇ ಬೇಕು ಅಂದಾಗ ಮಾತ್ರ ಮಂದವಾದ ಕೆಂಪು ಬೆಳಕು, ಅದೂ ಆಮೆಯ ಹಿಂದಿನಿಂದ. ನೀರಿನಿಂದ ಮೇಲೇರುತ್ತಿರುವ ಆಮೆ ತುಂಬಾ ಅಂಜುತ್ತದೆ. ಯಾರೋ ಮೊಬೈಲ್ ಹೊತ್ತಿಸಿದರು ಅಂತ ಮೊಟ್ಟೆ ಇಡದೆ ತಿರುಗಿ ಹೋದದ್ದನ್ನು ನೋಡಿದ್ದೇನೆ.

ಯಾವ ಆಮೆ ಅಂತ ಜಾಡಿನಿಂದಲೇ ತಿಳಿಯುತ್ತದೆ. ಆಲಿವ್ ರಿಡ್ಲೆ ಚಿಕ್ಕದು, ಎಡ ಬಲ ಕಾಲನ್ನು ಒಂದಾದ ಮೇಲೊಂದು ಎಳೆದುಕೊಂಡು ಹೋಗುತ್ತದೆ, ಜಾಡು 70–80 ಸೆಂ.ಮೀ. ಅಗಲ. ಹಸಿರು ಆಮೆ ಎರಡೂ ಮುಂಗಾಲು ಒಟ್ಟಿಗೆ ಹಾಕಿ ಮೈಯನ್ನು ಎಳೆಯುತ್ತದೆ, ಹಾಗಾಗಿ ಜಾಡು ಎರಡೂ ಪಕ್ಕ ಒಂದೇ ಸಮ, ಹೆಚ್ಚು ಕಡಿಮೆ 1 ಮೀಟರ್. ಲೆದರ್‌ಬ್ಯಾಕ್ ಆದರೆ ಟ್ರ್ಯಾಕ್ಟರ್ ಹಾದು ಹೋದ ಹಾಗಿರುತ್ತದೆ.

ಆಮೆ ಕಂಡರೆ ಇದ್ದಲ್ಲೇ ಕೂತುಬಿಡುತ್ತೇವೆ. ಅದು ಹಿಂಗಾಲಿನಿಂದ ಒಂದೊಂದೇ ಹಿಡಿ ಮರಳು ಎತ್ತಿ ಹಾಕುತ್ತಾ ಹೂಜಿಯಂಥ ಗುಂಡಿ ತೋಡುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಗುಂಡಿ ಅದರ ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಪಾದದ ಅಂದಾಜು, ಆದರೂ ಅಂಚು ಒಂದಿಷ್ಟೂ ಕುಸಿಯುವುದಿಲ್ಲ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದಕ್ಕೆ ಸುತ್ತಲಿನ ಪರಿವೆ ಕಡಿಮೆ. ಅಳತೆ, ಎಣಿಕೆ ಏನಿದ್ದರೂ ಆಗಲೇ ಮುಗಿಸಬೇಕು. ಕಣ್ಣಿನಿಂದ ನೀರು ಇಳಿಯುತ್ತಿರುತ್ತದೆ. ಅದು ಮೈಯಲ್ಲಿ ಜಾಸ್ತಿಯಾದ ಉಪ್ಪು ಹೊರಹೋಗುವ ದಾರಿ. ರಿಡ್ಲೆಯಾದರೆ ಕೊನೆಗೆ ಗುಂಡಿ ಮುಚ್ಚಿ, ಮೈಯನ್ನು ಆ ಕಡೆ ಈ ಕಡೆ ಎತ್ತಿ ಬಡಿದು ಮರಳು ಗಟ್ಟಿ ಮಾಡುತ್ತದೆ. ಗಾಳಿ ಇಲ್ಲದ ರಾತ್ರಿ ಆ ದಪ್ ದಪ್ ಸದ್ದು ಹಿಡಿದುಕೊಂಡೇ ನಾವು ಎಷ್ಟೋ ಗೂಡು ಕಂಡುಕೊಂಡಿದ್ದೇವೆ.

ಗೂಡು ಉಬ್ಬರದ ಗೆರೆಗಿಂತ ಮೇಲಿದ್ದರೆ ಈಗ ಅಲ್ಲೇ ಬಿಡುತ್ತೇವೆ. ನಾಯಿ ಅಗೆಯದ ಹಾಗೆ, ಆದರೆ ಮರಿ ದಾಟಿ ಬರುವಷ್ಟು ದೊಡ್ಡ ಕಣ್ಣಿನ ಬಲೆಯನ್ನು ಮೊಟ್ಟೆಯಿಂದ ಸಾಕಷ್ಟು ಮೇಲೆ, ಮರಳಿನೊಳಗೆ ಅಡ್ಡಲಾಗಿ ಹಾಸಿ ಅಂಚನ್ನು ಗೂಟ ಹೊಡೆದು ಬಿಗಿ ಮಾಡುತ್ತೇವೆ. ಪ್ಲಾಸ್ಟಿಕ್ ಬಲೆಯನ್ನೇ ಬಳಸುತ್ತೇವೆ. ಮರಿಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ಕಂಡುಕೊಳ್ಳುತ್ತವೆ, ಗೂಡಿನ ಸುತ್ತ ಕಬ್ಬಿಣ ಇದ್ದರೆ ಅದು ಕದಡುತ್ತದೆ. ಮೂರನೇ ವರ್ಷ ಮತ್ತೆ ಹಾಗೇ ಬೆಳಗ್ಗೆ ತಡವಾಗಿ ಒಂದು ಗೂಡು ಸಿಕ್ಕಿತು, ಮತ್ತೆ ಸುತ್ತ ನಾಯಿ ಹೆಜ್ಜೆ. ಈ ಸಲ ಬಲೆ ಹಾಸಿ ಬಂದೆವು, ಅಷ್ಟೇ. 53ನೇ ರಾತ್ರಿ ಅಲ್ಲಿಂದ 90ಕ್ಕೂ ಜಾಸ್ತಿ ಮರಿ ಎದ್ದು ಬಂದವು.

ನೀರು ಕೊಚ್ಚಿಕೊಂಡು ಹೋಗುವ ಜಾಗದಲ್ಲಿ ಇಟ್ಟಿದ್ದರೆ ಮಾತ್ರ ಸಾಗಿಸುತ್ತೇವೆ. ಬಕೆಟ್ಟಿನ ತಳಕ್ಕೆ ಒದ್ದೆ ಮರಳು, ಮೊಟ್ಟೆ ಯಾವ ಬದಿ ಮೇಲಾಗಿ ಇತ್ತೋ ಅದೇ ಬದಿ ಮೇಲೆ, ಬಕೆಟ್ ಅಲುಗಾಡದ ಹಾಗೆ ನಡಿಗೆ. ಹ್ಯಾಚರಿಯಲ್ಲಿ ತಾಯಿ ತೋಡಿದ ಆಳ, ಅದೇ ಹೂಜಿ ಆಕಾರ. ರಿಡ್ಲೆಗೆ ಸುಮಾರು 45 ಸೆಂ.ಮೀ. ಗೂಡಿಂದ ಗೂಡಿಗೆ 1 ಮೀಟರ್ ಅಂತರ. ಪ್ರತಿ ವರ್ಷ ಹ್ಯಾಚರಿ ಜಾಗವನ್ನೇ ಬದಲಾಯಿಸುತ್ತೇವೆ, ಯಾಕೆಂದರೆ ಹಳೆಯ ಮರಳಿನಲ್ಲಿ ಕೊಳೆತ ಮೊಟ್ಟೆಯ ಬೂಷ್ಟು ಉಳಿದಿರುತ್ತದೆ.

ಶಾಖದ ವಿಷಯದಲ್ಲೂ ಹುಷಾರಾಗಿರಬೇಕು. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಆಗುತ್ತವೆ, ಅದಕ್ಕಿಂತ ಬಿಸಿ ಏರಿದಷ್ಟೂ ಹೆಣ್ಣು ಜಾಸ್ತಿ, ಇನ್ನೂ ಏರಿದರೆ ಮೊಟ್ಟೆಯೇ ಸಾಯುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಬಿಸಿಯಾದ ಉತ್ತರ ಭಾಗದ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ 99%ರಷ್ಟು ಹೆಣ್ಣೇ ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಹ್ಯಾಚರಿಯ ಒಂದು ಭಾಗಕ್ಕೆ ನೆರಳುಬಟ್ಟೆ ಕಟ್ಟುತ್ತೇವೆ, ಮೊಟ್ಟೆ ಮಟ್ಟದಲ್ಲಿ ಉಷ್ಣಮಾಪಕ ಹೂತು ದಿನಾ ಬರೆದಿಡುತ್ತೇವೆ. ಪೂರ್ತಿ ಮುಚ್ಚುವುದಿಲ್ಲ. ನಾವೇ ಎಲ್ಲವನ್ನೂ ಗಂಡು ಮಾಡಿಬಿಟ್ಟರೂ ತಪ್ಪೇ.

ಇಷ್ಟೆಲ್ಲ ಆದ ಮೇಲೂ ನಮಗೆ ಜಾಸ್ತಿ ನಷ್ಟ ಮಾಡಿದ್ದು ದೀಪ. ಮರಿಗಳು ಮರಳು ತಣ್ಣಗಾದ ಮೇಲೆ, ಹೆಚ್ಚಾಗಿ ರಾತ್ರಿ, ಒಟ್ಟಿಗೆ ಎದ್ದು ಬರುತ್ತವೆ. ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆಗೆ ಹೊರಡುತ್ತವೆ, ದೀಪ ಇಲ್ಲದ ತೀರದಲ್ಲಿ ಅದು ಸಮುದ್ರದ ಮೇಲಿನ ಆಕಾಶ. ಒಂದು ರಾತ್ರಿ ನಾವು ಹಾಗೇ ಬಿಟ್ಟಿದ್ದ ಗೂಡೊಂದರಿಂದ ಎದ್ದ ಮರಿಗಳ ಜಾಡು ಅಷ್ಟೂ ನೀರಿಗೆ ಬೆನ್ನು ಹಾಕಿ ಹೋಗಿತ್ತು. ಹಿಂದೆ ಹೋದರೆ ದಾರಿದೀಪದ ಕೆಳಗಿನ ಚರಂಡಿ. ಕೆಲವನ್ನು ಎತ್ತಿ ತಂದೆವು. ರಸ್ತೆಯ ಮೇಲೆ ಸಿಕ್ಕವುಗಳ ಬಗ್ಗೆ ಬರೆಯಲು ಮನಸ್ಸಿಲ್ಲ. ಮರುದಿನದಿಂದ ತೀರಕ್ಕೆ ಮುಖ ಮಾಡಿದ ಪ್ರತಿ ಮನೆ, ಪ್ರತಿ ಹೋಟೆಲಿಗೆ ಹೋಗಿ ಕೇಳಿಕೊಂಡೆವು. ನಾವು ಕೇಳಿದ್ದು ಮೂರೇ: ಬಿಳಿ ಬಲ್ಬಿನ ಬದಲು ಅಂಬರ್ ಬಣ್ಣದ್ದು, ದೀಪಕ್ಕೆ ಕಡಲಿನ ಕಡೆ ಮರೆ, ಗೂಡಿನ ತಿಂಗಳುಗಳಲ್ಲಿ ಕಿಟಕಿಗೆ ಪರದೆ. ಗದರಿದ್ದರೆ ಯಾರೂ ಕೇಳುತ್ತಿರಲಿಲ್ಲ. ಚರಂಡಿಯಲ್ಲಿ ಸಿಕ್ಕ ಮರಿಗಳ ಫೋಟೊ ತೋರಿಸಿದೆವು, ಹೆಚ್ಚಿನವರು ಒಪ್ಪಿದರು.

ಮರಿ ಬಿಡುವಾಗ ಜನ ಸೇರುತ್ತಾರೆ, ಮಕ್ಕಳು ಬರುತ್ತಾರೆ, ಬರಲಿ. ಆದರೆ ಬೆಳಗ್ಗೆ ಜನ ಬರುವವರೆಗೆ ಮರಿಗಳನ್ನು ಟಬ್ಬಿನಲ್ಲಿ ಇಟ್ಟುಕೊಳ್ಳುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಗೂಡಿನಿಂದ ಎದ್ದ ಮರಿಗೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಅಷ್ಟಿಷ್ಟು ಹಳದಿ ಭಾಗವೇ ಬುತ್ತಿ. ಅದರ ಬಲದ ಮೇಲೆ ಅದು ಮೊದಲ ದಿನವಿಡೀ ಎಡೆಬಿಡದೆ ಈಜಿ ದಡದಿಂದ ದೂರ ಹೋಗಬೇಕು. ಟಬ್ಬಿನಲ್ಲಿ ಕೈಕಾಲು ಬಡಿದು ಆ ಶಕ್ತಿಯನ್ನು ಕಳೆದುಕೊಂಡರೆ ಸಮುದ್ರದಲ್ಲಿ ಏನು ಉಳಿಯುತ್ತದೆ? ಎದ್ದ ರಾತ್ರಿಯೇ, ನೀರಿನಿಂದ ಕೆಲವು ಮೀಟರ್ ಹಿಂದೆ ಬಿಡುತ್ತೇವೆ, ತಾವೇ ತೆವಳಿಕೊಂಡು ಹೋಗಲಿ ಅಂತ. ದಿನಾ ಒಂದೇ ಜಾಗದಲ್ಲಿ ಬಿಡುವುದಿಲ್ಲ, ಅಲ್ಲಿ ಮೀನುಗಳು ಕಾಯಲು ಕಲಿತುಬಿಡುತ್ತವೆ.

ಕೊನೆಯ ಕೆಲಸ ಯಾರಿಗೂ ಇಷ್ಟ ಇಲ್ಲ. ಮರಿಗಳು ಹೋಗಿ 3 ದಿನದ ಮೇಲೆ ಕೈಗವಸು ಹಾಕಿಕೊಂಡು ಗೂಡು ಅಗೆದು, ಖಾಲಿ ಚಿಪ್ಪು ಎಷ್ಟು, ಒಡೆಯದ್ದು ಎಷ್ಟು, ಸತ್ತವು ಎಷ್ಟು ಅಂತ ಎಣಿಸಬೇಕು. ವಾಸನೆ ತಡೆಯಲಾಗದು. ಆದರೆ ಈ ಎಣಿಕೆ ಬರೆದಿಡುವ ಪುಸ್ತಕ ಇಲ್ಲದಿದ್ದರೆ ಯಾವುದು ಫಲಿಸಿತು ಅಂತ ತಿಳಿಯುವುದೇ ಇಲ್ಲ. ಕೋಸ್ಟರಿಕಾದ ಟೋರ್ಟುಗೇರೊ ತೀರದಲ್ಲಿ ಅಮೆರಿಕದ ಕಡಲಾಮೆ ವಿಜ್ಞಾನಿ ಆರ್ಚಿ ಕಾರ್ 1950ರ ದಶಕದಲ್ಲಿ ಹಸಿರು ಆಮೆಗಳಿಗೆ ಗುರುತಿನ ಬಿಲ್ಲೆ ಹಾಕಿ ಬರೆದಿಡಲು ಶುರು ಮಾಡಿದರು, ಅಲ್ಲಿ ಇವತ್ತಿಗೂ ಆ ಲೆಕ್ಕ ನಡೆಯುತ್ತಿದೆ. ನಾವು ಎಣಿಸಿದ ಹೆಣ್ಣುಮರಿಗಳು ಮೊಟ್ಟೆ ಇಡಲು ಬರುವುದಕ್ಕೆ ಹತ್ತಿಪ್ಪತ್ತು ವರ್ಷ ಬೇಕು, ಆಗ ಪುಸ್ತಕ ಬೇರೆಯವರ ಕೈಯಲ್ಲಿರುತ್ತದೆ. ಅದಕ್ಕೇ ಅಕ್ಷರ ಬಿಡಿಸಿ ಬರೆಯಿರಿ ಅಂತ ಹುಡುಗರಿಗೆ ಹೇಳುತ್ತಿರುತ್ತೇನೆ. ಅಗೆಯುವಾಗ ಬೇರುಗಳ ನಡುವೆ ಸಿಕ್ಕಿಕೊಂಡ ಮರಿ ಒಂದೆರಡು ಜೀವಂತ ಸಿಗುವುದೂ ಉಂಟು. ಮೊನ್ನೆ ನಾಲ್ಕು ಸಿಕ್ಕವು. ಒದ್ದೆ ಬಟ್ಟೆಯ ಕೆಳಗೆ ನೆರಳಿನಲ್ಲಿಟ್ಟು, ಕತ್ತಲಾದ ಮೇಲೆ ಬಿಟ್ಟೆವು. ಮೂರು ಬೇಗ ಹೋದವು. ನಾಲ್ಕನೆಯದನ್ನು ಅಲೆ ಎರಡು ಸಲ ವಾಪಸ್ ತಂದು ಹಾಕಿತು, ಮೂರನೇ ಸಲ ಒಯ್ದಿತು.