ಸಣ್ಣ ಮಷಿನ್ ಶಾಪ್‌ಗೆ ಡಿಜಿಟಲ್ ವ್ಯವಸ್ಥೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವಟ್ಟಾಗುತ್ತದೆ

ದೇಶದ ಜಿಡಿಪಿಯಲ್ಲಿ ಸುಮಾರು ಶೇ 30ರಷ್ಟು ಬರುವುದು ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಂದ. ಹಾಗಾಗಿ ರಾಷ್ಟ್ರದ ಉತ್ಪಾದಕತೆ ಹೆಚ್ಚಬೇಕೆಂಬ ಮಾತು ಕೊನೆಗೆ ಬಂದು ಮುಟ್ಟುವುದು ಪೀಣ್ಯದ, ಬೆಳಗಾವಿ ಉದ್ಯಮಬಾಗದ, ಹುಬ್ಬಳ್ಳಿ ಗೋಕುಲ ರಸ್ತೆಯ, ಶಿವಮೊಗ್ಗದ ಮಾಚೇನಹಳ್ಳಿಯ ಶೆಡ್‌ಗಳನ್ನೇ. ಐದಾರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ, ಹದಿನೈದಿಪ್ಪತ್ತು ಜನ ಇರುವ ಅಂಥ ಶಾಪ್ ನಡೆಸುವವರಿಗಾಗಿ ಈ ಬರಹ.

ಇಆರ್‌ಪಿ (ಖರೀದಿ, ಸ್ಟಾಕ್, ಉತ್ಪಾದನೆ, ಬಿಲ್ಲು ಎಲ್ಲವನ್ನೂ ಒಟ್ಟಿಗೆ ನೋಡುವ ಸಾಫ್ಟ್‌ವೇರ್) ಕೊಳ್ಳುವುದು ಇಲ್ಲಿ ಮೊದಲ ಹೆಜ್ಜೆಯಲ್ಲ. ಯಂತ್ರ ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು ಎಂಬುದೇ ಗೊತ್ತಿಲ್ಲದ ಶಾಪ್‌ನಲ್ಲಿ ಎಂಥ ಸಾಫ್ಟ್‌ವೇರ್ ಹಾಕಿದರೂ ಅದು ಬಿಲ್ ಹಾಕುವ ಯಂತ್ರವಾಗಿಯೇ ಉಳಿಯುತ್ತದೆ.

ಎರಡು ವಾರ ಕಾಗದ, ಪೆನ್ನು

ಯಾವ ಯಂತ್ರದ ಮುಂದೆ ಯಾವಾಗಲೂ ಜಾಬ್ ರಾಶಿ ಬಿದ್ದಿರುತ್ತದೋ ಅದೊಂದನ್ನೇ ಆರಿಸಿಕೊಳ್ಳಿ. ಪಕ್ಕದಲ್ಲಿ ಒಂದು ಹಾಳೆ ತೂಗುಹಾಕಿ. ಯಂತ್ರ ಐದು ನಿಮಿಷಕ್ಕಿಂತ ಹೆಚ್ಚು ನಿಂತಾಗ ಆಪರೇಟರ್ ನಿಂತ ಸಮಯ, ಶುರುವಾದ ಸಮಯ, ಕಾರಣದ ಸಂಖ್ಯೆ ಬರೆಯಬೇಕು. ಕಾರಣಗಳು ಎಂಟಕ್ಕಿಂತ ಹೆಚ್ಚು ಬೇಡ: ಸೆಟ್ಟಿಂಗ್, ಮೆಟೀರಿಯಲ್ ಬಂದಿಲ್ಲ, ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಅಥವಾ ಟೂಲ್ ಬದಲಾವಣೆ, ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾಯುವುದು, ಡ್ರಾಯಿಂಗ್ ಅಥವಾ ಪ್ರೋಗ್ರಾಂ ಇಲ್ಲ, ಬ್ರೇಕ್‌ಡೌನ್, ಕರೆಂಟ್ ಇಲ್ಲ, ಇತರೆ. ಪಟ್ಟಿ ಉದ್ದವಾದರೆ ಆಪರೇಟರ್ ಓದದೆ ಮೊದಲನೆಯದನ್ನೇ ಬರೆಯುತ್ತಾರೆ. ‘ಇತರೆ’ ನಿಂತ ಸಮಯದ ಹತ್ತನೇ ಒಂದು ಭಾಗ ದಾಟಿದರೆ, ಅದರೊಳಗೆ ಏನಿದೆ ಎಂದು ಆಪರೇಟರನ್ನೇ ಕೇಳಿ ಪಟ್ಟಿ ತಿದ್ದಿ.

ಲೆಕ್ಕ ಹೀಗೆ. ಎಂಟು ಗಂಟೆ ಶಿಫ್ಟ್ ಅಂದರೆ 480 ನಿಮಿಷ. ಊಟಕ್ಕೆ 30, ಎರಡು ಟೀಗೆ 20 ಕಳೆದರೆ 430. ಅದರಲ್ಲಿ 110 ನಿಮಿಷ ಯಂತ್ರ ನಿಂತಿತ್ತು ಅನ್ನಿ. ಓಡಿದ್ದು 320, ಅಂದರೆ ಶೇ 74. ಒಂದು ಪೀಸ್‌ಗೆ 4 ನಿಮಿಷ, ಬಂದದ್ದು 68 ಪೀಸ್. 272 ನಿಮಿಷದ ಕೆಲಸ 320 ನಿಮಿಷ ಹಿಡಿಯಿತು, ಶೇ 85. ಎರಡು ರಿಜೆಕ್ಟ್ ಆಗಿ ಒಳ್ಳೆಯವು 66, ಶೇ 97. ಮೂರನ್ನೂ ಗುಣಿಸಿದರೆ ಸುಮಾರು ಶೇ 61. ಇದೇ ಓಇಇ, ಅಂದರೆ ಯಂತ್ರದ ಒಟ್ಟು ಪರಿಣಾಮಕಾರಿತ್ವದ ಅಳತೆ. ದೊಡ್ಡ ಕಾರ್ಖಾನೆಗಳು ಗುರಿಯಾಗಿಟ್ಟುಕೊಳ್ಳುವ ಶೇ 85 ನೋಡಿ ಗಾಬರಿಯಾಗಬೇಡಿ. ದಿನಕ್ಕೊಂದು ಜಾಬ್ ಬದಲಾಗುವ ಶಾಪ್‌ನಲ್ಲಿ ಸೆಟ್ಟಿಂಗ್ ಸಮಯವೇ ದೊಡ್ಡದು. ನಿಮ್ಮ ಹಿಂದಿನ ತಿಂಗಳೇ ನಿಮಗೆ ಅಳತೆ.

ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯುವ ಸಮಯ) ಅನ್ನು ಕೊಟೇಶನ್‌ನಿಂದ ತೆಗೆದುಕೊಳ್ಳಬೇಡಿ. ಪೀಸ್ ಏರಿಸಿ ಇಳಿಸುವುದೂ ಸೇರಿ, ಹತ್ತು ಪೀಸ್‌ಗೆ ಸ್ಟಾಪ್‌ವಾಚ್ ಹಿಡಿದು ನೋಡಿ. ಈ ಒಂದು ಅಂಕಿ ತಪ್ಪಿದರೆ ಓಇಇ ಶೇ 100 ದಾಟಿ ಬರುವುದೂ ಉಂಟು. ಆಮೇಲೆ ಶಾಪ್‌ನಲ್ಲಿ ಯಾರೂ ಆ ಲೆಕ್ಕ ನಂಬುವುದಿಲ್ಲ.

ಇನ್ನೊಂದು ಮಾತು, ಇದು ತಂತ್ರಜ್ಞಾನಕ್ಕಿಂತ ಮುಖ್ಯ. ಈ ಹಾಳೆ ಇಟ್ಟುಕೊಂಡು ಯಾರ ಸಂಬಳವನ್ನೂ ಕತ್ತರಿಸಬೇಡಿ, ಯಾರನ್ನೂ ಬೈಯಬೇಡಿ. ಒಮ್ಮೆ ಹಾಗಾದರೆ ಮರುದಿನದಿಂದ ಕಾರಣಗಳೆಲ್ಲ ‘ಕರೆಂಟ್ ಇಲ್ಲ’ ಆಗುತ್ತವೆ. ನಿಂತ ಸಮಯದ ದೊಡ್ಡ ಪಾಲು ಆಪರೇಟರ್ ಕೈಯಲ್ಲಿ ಇರುವುದೂ ಇಲ್ಲ: ಮೆಟೀರಿಯಲ್ ತರಿಸುವುದು, ಡ್ರಾಯಿಂಗ್ ಕೊಡುವುದು, ಇನ್‌ಸ್ಪೆಕ್ಷನ್ ಮುಗಿಸುವುದು ಆಫೀಸಿನವರ ಕೆಲಸ.

ಸೆನ್ಸರ್ ಹಾಕುವಾಗ

ಹಾಳೆ ತುಂಬುವುದು ಅಭ್ಯಾಸವಾದ ಮೇಲೆ ಯಂತ್ರಕ್ಕೆ ಸೆನ್ಸರ್ ಜೋಡಿಸಿ. ನಂಬಬಹುದಾದ ಸರಳ ದಾರಿ, ಯಂತ್ರ ಓಡುತ್ತಿದೆಯೋ ನಿಂತಿದೆಯೋ ಬಣ್ಣದಲ್ಲಿ ತೋರಿಸುವ ಟವರ್ ಲ್ಯಾಂಪಿನ ಹಸಿರು ದೀಪದ ಸಿಗ್ನಲ್. ಅದು ಸಾಮಾನ್ಯವಾಗಿ 24 ವೋಲ್ಟ್ ಡಿಸಿ; ಸಿಗ್ನಲ್ ಓದಿ ವೈಫೈ ಮೂಲಕ ಕಳಿಸುವ ಇಎಸ್‌ಪಿ32 ಥರದ ಸಣ್ಣ ಬೋರ್ಡ್ ತಡೆಯುವುದು 3.3 ವೋಲ್ಟ್ ಮಾತ್ರ. ನಡುವೆ ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸಿ ಎರಡು ಸರ್ಕ್ಯೂಟ್‌ಗಳನ್ನು ಬೇರೆಯಾಗಿಡುವ ಬಿಡಿಭಾಗ) ಇಲ್ಲದಿದ್ದರೆ ಬೋರ್ಡ್ ಸುಡುತ್ತದೆ. ಯಂತ್ರ ವಾರಂಟಿಯಲ್ಲಿದ್ದರೆ ಪ್ಯಾನೆಲ್ ಮುಟ್ಟುವ ಮೊದಲು ತಯಾರಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಪ್ಯಾನೆಲ್ ತೆರೆಯುವುದು ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾತ್ರ.

ಟವರ್ ಲ್ಯಾಂಪ್ ಇಲ್ಲದ ಹಳೇ ಯಂತ್ರಕ್ಕೆ ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ, ಕ್ಲಿಪ್ ಮಾಡುವ ಕರೆಂಟ್ ಟ್ರಾನ್ಸ್‌ಫಾರ್ಮರ್ ಸಾಕು. ಅದನ್ನು ಒಂದೇ ಫೇಸಿನ ತಂತಿಗೆ ಹಾಕಬೇಕು. ಮೂರೂ ತಂತಿ ಇರುವ ಇಡೀ ಕೇಬಲ್ಲಿಗೆ ಹಾಕಿದರೆ ಕಾಂತಕ್ಷೇತ್ರಗಳು ಒಂದನ್ನೊಂದು ಕಳೆದುಕೊಂಡು ರೀಡಿಂಗ್ ಸೊನ್ನೆಯ ಹತ್ತಿರ ಬರುತ್ತದೆ. ಸೆನ್ಸರ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರು ಮೊದಲು ಇದನ್ನು ನೋಡಲಿ. ಮೇನ್ ಲೈನಿಗೆ ಹಾಕಿದರೆ ಹೈಡ್ರಾಲಿಕ್, ಕೂಲೆಂಟ್ ಪಂಪ್, ಪ್ಯಾನೆಲ್ ಫ್ಯಾನ್ ಎಲ್ಲವೂ ಸೇರಿ, ಯಂತ್ರ ಸುಮ್ಮನಿದ್ದಾಗಲೂ ಸ್ವಲ್ಪ ಕರೆಂಟ್ ತೋರುತ್ತದೆ. ಒಂದು ಇಡೀ ದಿನದ ರೀಡಿಂಗ್ ನೋಡಿ, ಸುಮ್ಮನಿರುವಾಗಿನ ಮತ್ತು ಕಟಿಂಗ್ ವೇಳೆಯ ಅಂಕಿಗಳ ನಡುವೆ ಗಡಿ ಗುರುತಿಸಿ. ಹಗುರ ಫಿನಿಶಿಂಗ್ ಕಟ್‌ನಲ್ಲಿ ಕರೆಂಟ್ ತೀರಾ ಕಡಿಮೆ. ಅದನ್ನು ‘ನಿಂತಿದೆ’ ಎಂದು ಎಣಿಸದಿರಲು, ಗಡಿಯ ಕೆಳಗೆ ಎರಡು ಮೂರು ನಿಮಿಷ ಒಂದೇ ಸಮ ಇದ್ದರೆ ಮಾತ್ರ ನಿಂತಂತೆ ಎಂದು ನಿಯಮ ಇಡಿ.

ಬೋರ್ಡನ್ನು ಉಕ್ಕಿನ ಪ್ಯಾನೆಲ್ ಒಳಗೆ ಮುಚ್ಚಿಟ್ಟರೆ ವೈಫೈ ಸಿಗುವುದಿಲ್ಲ. ಹೊರಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ರೂಟರಿಗೂ ಬೋರ್ಡಿಗೂ ಯುಪಿಎಸ್ ಕೊಡಿ. ಇಲ್ಲದಿದ್ದರೆ ಕರೆಂಟ್ ಹೋದ ಹೊತ್ತಿನ ದಾಖಲೆಯೇ ಇರುವುದಿಲ್ಲ, ನಮ್ಮಲ್ಲಿ ಬೇಕಾದದ್ದೇ ಅದು. ನಿಂತದ್ದನ್ನು ಸೆನ್ಸರ್ ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ. ಕಾರಣ ಒತ್ತಲು ಯಂತ್ರದ ಬಳಿ ಒಂದು ಟ್ಯಾಬ್ಲೆಟ್ ಇರಲಿ, ಪರದೆಯ ಮೇಲೆ ಆ ಎಂಟು ಕಾರಣಗಳು ಕನ್ನಡದಲ್ಲಿ ಇರಲಿ; ಹಿಂದಿ ಮಾತಾಡುವ ಆಪರೇಟರ್‌ಗಳಿದ್ದರೆ ಹಿಂದಿಯಲ್ಲೂ.

ಸ್ಟೋರ್ಸ್ ಮತ್ತು ಜಾಬ್ ಕಾರ್ಡ್

ಒಂದೇ ಬೋಲ್ಟ್ ಮೂರು ಹೆಸರಲ್ಲಿ ದಾಖಲಾಗಿರುವ ಸ್ಟಾಕನ್ನು ಕಂಪ್ಯೂಟರಿಗೆ ಏರಿಸಿದರೆ ಗೊಂದಲವೂ ಜೊತೆಗೇ ಏರುತ್ತದೆ. ಮೊದಲು ಪಟ್ಟಿ ತೊಳೆಯಿರಿ: ಒಂದು ವಸ್ತುವಿಗೆ ಒಂದು ಕೋಡ್, ಒಂದು ಅಳತೆಯ ಘಟಕ. ರಾಡನ್ನು ಕೆಜಿಯಲ್ಲಿ ಕೊಂಡು ಪೀಸ್‌ನಲ್ಲಿ ಇಶ್ಯೂ ಮಾಡುವಲ್ಲೇ ಸ್ಟಾಕ್ ತಾಳೆಯಾಗದಿರುವುದು ಹೆಚ್ಚು. ಎರಡರ ನಡುವಿನ ಲೆಕ್ಕ ಮೊದಲೇ ಬರೆದಿಡಿ. ಜಾಬ್ ಕಾರ್ಡಿನಲ್ಲಿ ಡ್ರಾಯಿಂಗ್ ರಿವಿಷನ್ ಸಂಖ್ಯೆ ಇರಲೇಬೇಕು, ಪ್ರೋಗ್ರಾಂ ಫೈಲಿನ ಹೆಸರಿನಲ್ಲೂ ಅದೇ ಸಂಖ್ಯೆ. ಹಳೇ ರಿವಿಷನ್ನಿನ ಪ್ರೋಗ್ರಾಂ ಓಡಿದರೆ ಹೋಗುವುದು ಒಂದು ಪೀಸಲ್ಲ, ಇಡೀ ಬ್ಯಾಚ್.

ಬಾರ್‌ಕೋಡ್ ಲೇಬಲ್ ಕಾಗದದ್ದು ಬೇಡ. ಡೈರೆಕ್ಟ್ ಥರ್ಮಲ್ ಲೇಬಲ್ ಬಿಸಿಗೆ, ಎಣ್ಣೆಗೆ ಮಾಸಿಹೋಗುತ್ತದೆ. ಪಾಲಿಯೆಸ್ಟರ್ ಲೇಬಲ್, ರೆಸಿನ್ ರಿಬ್ಬನ್, ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್: ಈ ಮೂರೂ ಸೇರಿದರೆ ಕೂಲೆಂಟ್ ತಾಗಿದರೂ ಸ್ಕ್ಯಾನ್ ಆಗುತ್ತದೆ.

ಬಿಲ್ಲು, ಬಾಕಿ

2017–18ರಿಂದ ಈಚೆಗೆ ಯಾವುದಾದರೂ ಒಂದು ವರ್ಷ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ, 2023ರ ಆಗಸ್ಟ್ 1ರಿಂದ ಉದ್ಯಮಗಳಿಗೆ ಕೊಡುವ ಇನ್‌ವಾಯ್ಸ್‌ಗೆ ಐಆರ್‌ಎನ್ (ಇ-ಇನ್‌ವಾಯ್ಸ್ ಪೋರ್ಟಲ್ ಕೊಡುವ ನೋಂದಣಿ ಸಂಖ್ಯೆ) ಕಡ್ಡಾಯ. ತಪ್ಪಾದರೆ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ. ಆಮೇಲೆ ಕ್ರೆಡಿಟ್ ನೋಟೇ ಗತಿ. ಆದ್ದರಿಂದ ಗ್ರಾಹಕರ ಜಿಎಸ್‌ಟಿ ಸಂಖ್ಯೆ, ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕಿನ ವರ್ಗ ಸೂಚಿಸುವ ಸಂಖ್ಯೆ), ಪಿಒ (ಖರೀದಿ ಆದೇಶ) ಸಂಖ್ಯೆ ಸಾಫ್ಟ್‌ವೇರಿನಲ್ಲಿ ಒಮ್ಮೆ ಸರಿಯಾಗಿ ಕೂತಿರಲಿ, ಪ್ರತಿ ಸಲ ಕೈಯಲ್ಲಿ ಹೊಡೆಯುವಂತಾಗಬಾರದು.

ಬಾಕಿ ವಸೂಲಿಯಲ್ಲೂ ಇದು ಕೆಲಸಕ್ಕೆ ಬರುತ್ತದೆ. 2006ರ ಎಂಎಸ್‌ಎಂಇಡಿ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಪೂರೈಕೆದಾರರಿಗೆ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ತಡಮಾಡುವಂತಿಲ್ಲ. ಇಂಥ ಉದ್ಯಮಗಳಿಗೆಂದೇ ಇರುವ ಸರ್ಕಾರಿ ‘ಉದ್ಯಮ್’ ನೋಂದಣಿ ಉಚಿತ. ಆ ಸಂಖ್ಯೆ ಪ್ರತಿ ಇನ್‌ವಾಯ್ಸ್ ಮೇಲೆ ಅಚ್ಚಾಗಲಿ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗೆ ಸೇರಲೇಬೇಕು. ಅಲ್ಲಿ ಗ್ರಾಹಕರು ಒಪ್ಪಿದ ಇನ್‌ವಾಯ್ಸ್ ಮೇಲೆ ಬ್ಯಾಂಕುಗಳು ಬಡ್ಡಿದರ ಕೂಗುತ್ತವೆ, ಹಣ ಬೇಗ ಬರುತ್ತದೆ. ಒಪ್ಪಿಗೆ ತಡವಾಗುವುದು ಚಲನ್, ಪಿಒ, ಇನ್‌ವಾಯ್ಸ್‌ಗಳ ಸಂಖ್ಯೆ ಮತ್ತು ಪ್ರಮಾಣ ತಾಳೆಯಾಗದಿದ್ದಾಗ.

ಕೊಳ್ಳುವ ಮುನ್ನ

ಬೆಂಗಳೂರಿನ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐನಲ್ಲಿ ಸ್ಮಾರ್ಟ್ ಉತ್ಪಾದನೆಯ ಪ್ರಾತ್ಯಕ್ಷಿಕೆ ಕೇಂದ್ರವಿದೆ. ಮಾರಾಟಗಾರರ ಮಾತಿಗೆ ಮುನ್ನ ಅಲ್ಲಿ ವಿಚಾರಿಸುವುದು ಒಳ್ಳೆಯದು. ಉತ್ಪಾದನೆಯಲ್ಲಿ ವ್ಯರ್ಥ ತಗ್ಗಿಸಲು ಇರುವ ಕೇಂದ್ರ ಸರ್ಕಾರದ ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಬಹುಪಾಲನ್ನು ಸರ್ಕಾರ ಭರಿಸುತ್ತದೆ. ಸಾಫ್ಟ್‌ವೇರ್ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ನಿಮ್ಮ ಡೇಟಾ ಪೂರ್ತಿ ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ ಎಂದು ಮಾಡಿಸಿ ನೋಡಿ. ಬರುವುದಿಲ್ಲ ಎಂದರೆ ಎಷ್ಟೇ ಅಗ್ಗವಿರಲಿ, ಬೇಡ.

ಬ್ಯಾಕಪ್ ಮೂರು ಪ್ರತಿ ಇರಲಿ: ಒಂದು ಕೆಲಸದ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಶೆಡ್‌ನಿಂದ ಆಚೆ. ಹಾರ್ಡ್‌ಡಿಸ್ಕನ್ನು ಸದಾ ಚುಚ್ಚಿಯೇ ಇಟ್ಟರೆ, ಹಣ ಕೀಳಲು ಫೈಲುಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ಪ್ರತಿ ತೆಗೆದ ಮೇಲೆ ಬಿಚ್ಚಿಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಹಿಂದಿನ ತಿಂಗಳ ಒಂದು ಇನ್‌ವಾಯ್ಸ್, ಒಂದು ಜಾಬ್ ಕಾರ್ಡ್ ಸರಿಯಾಗಿ ಕಾಣುತ್ತವೆಯೇ ನೋಡಿ.