ದಾರಿ ಬದಿಯ ವೀರಗಲ್ಲನ್ನು ಓದುವುದು ಹೇಗೆ

ಸೊರಬ, ಶಿಕಾರಿಪುರ, ಹಾನಗಲ್ ಕಡೆ ಹೋಗುವಾಗ ದೊಡ್ಡ ದೇವಸ್ಥಾನಗಳನ್ನಷ್ಟೇ ನೋಡಿಕೊಂಡು ವಾಪಸ್ ಬರಬೇಡಿ. ಕೆರೆ ಏರಿ, ಅರಳಿಕಟ್ಟೆ, ಪಾಳು ಗುಡಿಯ ಅಕ್ಕಪಕ್ಕ ಕಣ್ಣಾಡಿಸಿ. ಪಟ್ಟಿ ಪಟ್ಟಿಯಾಗಿ ಚಿತ್ರ ಕೆತ್ತಿದ ಚಪ್ಪಟೆ ಕಲ್ಲು ನಿಂತಿದ್ದರೆ ಗಾಡಿ ನಿಲ್ಲಿಸಿ. ಅದು ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ರಾಜರ ಕಥೆ ಹೇಳೋಕೆ ತಾಮ್ರಪಟಗಳಿವೆ, ಕಾವ್ಯಗಳಿವೆ. ಊರಿನ ದನ ಬಿಡಿಸೋಕೆ ಹೋಗಿ ಸತ್ತ ಹುಡುಗನಿಗೆ ಇರುವುದು ಈ ಕಲ್ಲೊಂದೇ.

ಮೊದಲು ಗೊತ್ತಿರಬೇಕಾದ್ದು, ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ವೀರ ಸತ್ತ ಬಗೆ ಇರುತ್ತದೆ. ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಸುತ್ತ ದನಗಳಿದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಟ. ಕುದುರೆ, ಆನೆ ಇದ್ದರೆ ದೊಡ್ಡ ಯುದ್ಧ ಇರಬಹುದು. ಹುಲಿ ಅಥವಾ ಹಂದಿ ಜೊತೆ ಸೆಣಸುವ ಕಲ್ಲುಗಳೂ ಇವೆ. ವೀರನನ್ನು ಸಾಮಾನ್ಯವಾಗಿ ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾರೆ, ಅವನ ಕೈಯಲ್ಲಿ ಬಿಲ್ಲಿದೆಯಾ, ಕತ್ತಿ ಗುರಾಣಿ ಇದೆಯಾ, ಸೊಂಟದಲ್ಲಿ ಏನು ಸಿಕ್ಕಿಸಿಕೊಂಡಿದ್ದಾನೆ, ತಲೆಗೂದಲು ಹೇಗೆ ಕಟ್ಟಿದ್ದಾನೆ ಅಂತ ಒಂದೊಂದಾಗಿ ನೋಡಿ.

ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗ, ಪೂಜಾರಿ, ನಂದಿ, ಕೈಮುಗಿದು ಕುಳಿತ ವೀರ. ಲಿಂಗದ ಜಾಗದಲ್ಲಿ ಜಿನ ಇದ್ದರೆ ಅವನು ಜೈನ. ತುದಿಯ ಸೂರ್ಯ ಚಂದ್ರರ ಅರ್ಥ, ಅವರಿರುವ ತನಕ ಈ ಹೆಸರು ಉಳಿಯಲಿ ಅಂತ. ಎಲ್ಲ ಕಲ್ಲಲ್ಲೂ ಮೂರೇ ಪಟ್ಟಿ ಇರಬೇಕೆಂದಿಲ್ಲ, ಹಳೆಯವುಗಳಲ್ಲಿ ಒಂದೇ ಚಿತ್ರ ಇರುವುದೂ ಉಂಟು.

ಕಂಬದಿಂದ ಬಳೆ ತೊಟ್ಟ ಕೈಯೊಂದು ಮಡಚಿ ಮೇಲೆದ್ದಂತೆ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಸತಿ ಹೋದವಳದ್ದು. ಬರೀ ಲಿಂಗವೋ ಮುಕ್ಕೊಡೆಯೋ (ಜೈನರ ಮೂರು ಕೊಡೆಗಳ ಗುರುತು) ಇದ್ದರೆ ಅದು ದಾನದ ಜಮೀನಿನ ಗಡಿಕಲ್ಲು ಇರಬಹುದು.

ಈಗ ಅಕ್ಷರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಹುಡುಕಿ. ನಡು ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದರೆ, ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಮಣ್ಣು ಅಂಟಿದ್ದರೆ ಬರೀ ನೀರು, ಮೆತ್ತನೆ ಬಟ್ಟೆ ಸಾಕು. ಎಣ್ಣೆ, ಬಣ್ಣ, ಆಸಿಡ್, ತಂತಿ ಬ್ರಷ್ ದಯವಿಟ್ಟು ಬೇಡ. ಹಳಗನ್ನಡ ಪೂರ್ತಿ ಬರದಿದ್ದರೂ ಪರವಾಗಿಲ್ಲ, ‘ಸ್ವಸ್ತಿ ಶ್ರೀ’, ‘ತುರು’ (ದನ), ‘ಕಾದಿ’ (ಹೋರಾಡಿ), ‘ಸುರಲೋಕ’ (ಸ್ವರ್ಗ) ಎಂಬ ಪದಗಳು ಸಿಕ್ಕಿದರೆ ಅರ್ಧ ಕಥೆ ಸಿಕ್ಕಿತು. ಶಕ ವರ್ಷ ಕಂಡರೆ 78 ಸೇರಿಸಿ, ಕ್ರಿಸ್ತಶಕ ಬರುತ್ತದೆ, ಒಂದು ವರ್ಷ ಆಚೀಚೆ ಆಗಬಹುದು.

ಕಣ್ಣು ಪಳಗಿಸಿಕೊಳ್ಳಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಹೋಗಿ. ಅಲ್ಲಿ ಮದ್ದೂರು ತಾಲೂಕಿನ ಆತಕೂರಿನ ಕಲ್ಲಿದೆ, 10ನೇ ಶತಮಾನದ್ದು. ಗಂಗರ ರಾಜ ಬೂತುಗನ ಹತ್ತಿರ ಅವನ ಯೋಧ ಮಣಲೇರ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿ ಜೊತೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಅವನು ನಿಲ್ಲಿಸಿದ ಆ ಕಲ್ಲಿನಲ್ಲೇ ಚೋಳರ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ವಿಷಯವೂ ಇದೆ! ಶಿವಮೊಗ್ಗದವರಿಗೆ ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂ ಹತ್ತಿರ.

ನೀವು ನೋಡಿದ ಕಲ್ಲನ್ನು ಯಾರಾದರೂ ಈಗಾಗಲೇ ಓದಿದ್ದಾರಾ ಅಂತ ತಿಳಿಯಲು ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ನೋಡಿ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ್ದು. ಶಾಸನಗಳಿಗೆ ತಾಲೂಕುವಾರು ನಂಬರ್ ಇರುವುದರಿಂದ ಊರಿನ ಹೆಸರು ಹಿಡಿದು ಹುಡುಕಬಹುದು. ಸಿಗದಿದ್ದರೆ ಹೊಸದೇ ಇರಬಹುದು, ಅಲ್ವಾ? ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನಂಥ ಬೆಂಗಳೂರಿನಲ್ಲಿ, ಹೆಬ್ಬಾಳದಲ್ಲಿ, 2018ರಲ್ಲಿ ಸಿಕ್ಕಿತು.

ಊರವರನ್ನು ಕೇಳದೆ ಕಲ್ಲು ಮುಟ್ಟಬೇಡಿ, ಎಷ್ಟೋ ಕಡೆ ಅದು ಪೂಜೆಯ ದೇವರು. ಹಿರಿಯರ ಹತ್ತಿರ ‘ಅಜ್ಜ, ಇಲ್ಲಿ ಬರಹ ಇರುವ ಕಲ್ಲು ಇನ್ನೂ ಎಲ್ಲಾದರೂ ಇದೆಯಾ?’ ಅಂತ ಕೇಳಿ, ಅವರೇ ಕರೆದುಕೊಂಡು ಹೋಗುತ್ತಾರೆ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಲು ಹೋಗಬೇಡಿ, ಬಿರುಕಿದ್ದರೆ ಎರಡು ತುಂಡಾಗುತ್ತದೆ. ಕಾಣುವ ಬದಿಗಳ ಫೋಟೋ ತೆಗೆದು, ಜಾಗದ ಲೊಕೇಶನ್ ಸಮೇತ ಪುರಾತತ್ವ ಇಲಾಖೆಗೆ ಕಳಿಸಿ. ಬುಡದಲ್ಲಿ ಹೊಸದಾಗಿ ಗುಂಡಿ ತೋಡಿದ್ದು ಕಂಡರೆ ನಿಧಿಗಳ್ಳರ ಕೆಲಸ ಇರಬಹುದು, ಅವತ್ತೇ ಪಂಚಾಯಿತಿಗೂ ಪೊಲೀಸರಿಗೂ ಹೇಳಿ.